ಐದು ಕೋಶಗಳ ಒಕ್ಕಲು

ಬಡಗಿಯ ಕೈಯಲ್ಲಿರುವ ತಂತಿಯಿಲ್ಲದ ಡ್ರಿಲ್ಲಿನ ಬ್ಯಾಟರಿಯ ಮೇಲೆ ‘18 ವೋಲ್ಟ್’ ಎಂದಿರುವುದುಂಟು. ಒಳಗೆ ಅಷ್ಟು ವೋಲ್ಟಿನ ಕೋಶ ಒಂದೂ ಇಲ್ಲ. ತಲಾ 3.6 ವೋಲ್ಟಿನ ಐದು ಲಿಥಿಯಂ ಕೋಶಗಳು, ಒಂದರ ಧನಧ್ರುವ ಮತ್ತೊಂದರ ಋಣಧ್ರುವಕ್ಕೆ ಸೇರುವಂತೆ, ನಿಕ್ಕಲ್ ಪಟ್ಟಿಗಳಿಂದ ಬೆಸೆದು ಸಾಲುಗೊಂಡಿವೆ. ಹತ್ತು ಕೋಶಗಳಿದ್ದಲ್ಲಿ ಎರಡೆರಡು ಜೊತೆಯಾಗುವುವು. ಆಗ ವೋಲ್ಟ್ ಹೆಚ್ಚದು, ದುಡಿಯುವ ಹೊತ್ತು ಇಮ್ಮಡಿಯಾಗುವುದು.

ಅನೇಕ ಬ್ಯಾಟರಿಗಳಲ್ಲಿ ಪ್ರತಿಯೊಂದು ಸಂಧಿಯಿಂದಲೂ ಸಣ್ಣ ತಂತಿಯೊಂದು ಕಾವಲಿನ ಫಲಕಕ್ಕೆ ಹೋಗಿ ಕೋಶಗಳ ಕ್ಷೇಮವನ್ನು ತಿಳಿಸುತ್ತದೆ. ಒಂದೇ ಕೋಶ ಸೊರಗಿದರೂ ಫಲಕವು ಇಡೀ ಸಾಲನ್ನು ತಡೆದು ನಿಲ್ಲಿಸುವುದು. ಬ್ಯಾಟರಿ ಸತ್ತಿತೆಂದು ಎಸೆಯುವವನು ಗಟ್ಟಿಯಾದ ನಾಲ್ಕನ್ನೂ ಎಸೆದಿರಬಹುದು. ಕಾವಲನ್ನು ತಪ್ಪಿಸಿ ತಂತಿ ಬೆಸೆಯುವವನಾದರೋ ಬೆಂಕಿಯನ್ನೇ ಮನೆಗೆ ಕರೆದಂತೆ. ಕೋಶಕೋಶವನ್ನೂ ಅಳೆದು ನೋಡಬಲ್ಲ ಕೆಲಸಗಾರನಿಗೆ ಒಪ್ಪಿಸುವುದೇ ವಿವೇಕ.