ಐಫೋನೋ ಆಂಡ್ರಾಯ್ಡೋ: ಅವ್ವನನ್ನು ಯಾರೂ ಕೇಳಲಿಲ್ಲ

ನಾಸಿಕ್ ರೋಡಿನಲ್ಲೊಂದು ಕನ್ನಡದ ಮನೆ ಇದೆ ಎಂದುಕೊಳ್ಳೋಣ. ಮಗ ಓಝರ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿದ್ದಾನೆ. ಮಗಳನ್ನು ಕೊಟ್ಟಿರುವುದು ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಮೊನ್ನೆಮೊನ್ನೆಯವರೆಗೆ ಔರಂಗಾಬಾದ್ ಎನ್ನುತ್ತಿದ್ದ ಊರಿಗೆ. ಅಳಿಯನಿಗೆ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಅವ್ವ ಧಾರವಾಡ ಕಡೆಯವರು. ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವರು. ಸಂತೆಯಲ್ಲಿ ಮರಾಠಿ ಮಾತಾಡುತ್ತಾರೆ, ದೇವನಾಗರಿಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಸರಾಗವಾಗಿ ಓದುವುದು, ಬರೆಯುವುದು ಕನ್ನಡ ಒಂದನ್ನೇ.

ದೀಪಾವಳಿಗೆ ಬಂದ ಮಗಳು ಹೊಸ ಐಫೋನ್ ಕೊಂಡಿದ್ದಾಳೆ, ಹಳೆಯದನ್ನು ಅವ್ವನಿಗೆ ತಂದಿದ್ದಾಳೆ. ಅಲ್ಲಿಂದ ಶುರು. ಐಫೋನಿಗೆ ವೈರಸ್ ಕಾಟವಿಲ್ಲ, ಐದಾರು ವರ್ಷ ಅಪ್‌ಡೇಟ್ ಬರುತ್ತದೆ, ಕ್ಯಾಮೆರಾ ನೋಡಿ ಎಂದು ಅಳಿಯ. ಅದೇ ದುಡ್ಡಿಗೆ ಮೂರು ಆಂಡ್ರಾಯ್ಡ್ ಬರುತ್ತವೆ, ಚಾರ್ಜರ್ ಎಲ್ಲಿ ಬೇಕಾದರೂ ಸಿಗುತ್ತದೆ ಎಂದು ಮಗ. ಊಟ ಮುಗಿದರೂ ವಾದ ಮುಗಿಯುವುದಿಲ್ಲ. ಅಷ್ಟರಲ್ಲಿ ಅವ್ವ ಹೊಸದಾಗಿ ಬಂದ ಹಳೆ ಫೋನನ್ನು ಮೇಲೆ ಕೆಳಗೆ ಸರಿಸಿ ನೋಡಿ, ಮೆಲ್ಲಗೆ ಹೇಳುತ್ತಾರೆ: “ಇದರಾಗ ಎಲ್ಲಾ ಇಂಗ್ಲಿಷ್ ಐತಲ್ಲವಾ. ನನ್ನ ಹಳೇದ ಛಲೋ ಇತ್ತು.”

ಆ ಮಾತನ್ನು ವಾದದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಫೋನ್‌ಗಳ ಬಗ್ಗೆ ಈ ದೇಶದಲ್ಲಿ ನಡೆಯುವ ಜಗಳದಲ್ಲಿ ತೂಕವಿರುವ ಮಾತು ಅದೊಂದೇ.

ಹದಿನೈದು ವರ್ಷಗಳಿಂದ ಈ ಜಗಳ ಕ್ಯಾಮೆರಾ, ಬ್ಯಾಟರಿ, ಅಂತಸ್ತುಗಳ ಸುತ್ತ ಗಿರಕಿ ಹೊಡೆಯುತ್ತಿದೆ. ಇಂಗ್ಲಿಷ್ ಬಲ್ಲವರಿಗೆ ಅದು ಸಾಕು. ಅವರ ಪಾಲಿಗೆ ಎರಡೂ ಫೋನುಗಳು ಒಂದೇ ಭಾಷೆ ಮಾತಾಡುತ್ತವೆ. ಇಂಗ್ಲಿಷ್ ಬಾರದವರ ಕೈಗೆ ಫೋನ್ ಬಂದಾಗ ಮೊದಲ ಪ್ರಶ್ನೆಯೇ ಬೇರೆ: ಇದು ನನ್ನ ಅಕ್ಷರದಲ್ಲಿ ತೆರೆದುಕೊಳ್ಳುತ್ತದೆಯೇ? ತಮ್ಮ ರಾಜ್ಯದಾಚೆ ಬದುಕುವವರಿಗಂತೂ ಈ ಪ್ರಶ್ನೆ ಇನ್ನೂ ತೀವ್ರ. ನಾಸಿಕ್‌ನ ಮನೆಯ ಹೊರಗೆ ಅಂಗಡಿಯ ಫಲಕದಲ್ಲಿ, ಬಸ್ಸಿನ ಮೇಲೆ, ಔಷಧಿ ಚೀಟಿಯಲ್ಲಿ ಕನ್ನಡ ಅಕ್ಷರವಿಲ್ಲ. ಮೊಮ್ಮಕ್ಕಳು ಓದುವುದು ಮರಾಠಿ, ಇಂಗ್ಲಿಷ್. ಆ ಮನೆಯಲ್ಲಿ ಕನ್ನಡ ಲಿಪಿ ದಿನವೂ ಕಣ್ಣಿಗೆ ಬೀಳುವ ಜಾಗ ಅವ್ವನ ಫೋನ್ ಮಾತ್ರ.

ಈ ಅಳತೆಗೋಲು ಹಿಡಿದರೆ ಲೆಕ್ಕ ಕಷ್ಟದ್ದಲ್ಲ. 2012ರ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳ ಅಕ್ಷರಗಳನ್ನು ಸರಿಯಾಗಿ ತೋರಿಸುವ ವ್ಯವಸ್ಥೆ ತಂದಿತು. 2014ರ ಆಂಡ್ರಾಯ್ಡ್ 5.0ರಲ್ಲಿ ಇಡೀ ಫೋನನ್ನೇ ಕನ್ನಡಕ್ಕೆ ಬದಲಿಸಿಕೊಳ್ಳಬಹುದಾಯಿತು; ಮರಾಠಿಯೂ ಅದೇ ಆವೃತ್ತಿಯಲ್ಲಿ ಜೊತೆಗೇ ಬಂತು. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿದ್ದನ್ನು ಬರಹವಾಗಿಸುವ ಸೌಲಭ್ಯ ಕೊಟ್ಟಿತು.

ಆ್ಯಪಲ್ ಬಂದ ದಾರಿ ಬೇರೆ. ಅದರ ಫೋನಿನಲ್ಲಿ ಕನ್ನಡ ಓದಲು ಅಡ್ಡಿಯಿರಲಿಲ್ಲ. ಅದರ ‘ಕನ್ನಡ ಸಂಗಮ್ ಎಂಎನ್’ ಅಕ್ಷರಗಳನ್ನು ರೂಪಿಸಿದವರು ಮಲೇಷ್ಯಾದ ತಮಿಳರಾದ ಮುತ್ತು ನೆಡುಮಾರನ್. ಎಂಎನ್ ಎಂಬುದು ಅವರ ಹೆಸರಿನ ಮೊದಲಕ್ಷರಗಳು. ತೊಡಕಿದ್ದದ್ದು ಬರೆಯುವುದಕ್ಕೆ. 2014ರ ಐಓಎಸ್ 8ರಲ್ಲಿ ಮರಾಠಿ ಕೀಬೋರ್ಡ್ ಬಂತು. ಕನ್ನಡದ್ದು ಬಂದದ್ದು 2017ರ ಸೆಪ್ಟೆಂಬರ್‌ನಲ್ಲಿ, ಐಓಎಸ್ 11ರ ಜೊತೆ. ನಾಸಿಕ್‌ನ ಆ ಮನೆಯಲ್ಲಿ ನಿಂತು ನೋಡಿದರೆ ಇದರ ಅರ್ಥ ನೇರವಾಗಿದೆ: ಮೂರು ವರ್ಷ ಅದೇ ಫೋನು ಪಕ್ಕದ ಮನೆಯವರ ಭಾಷೆ ಬರೆಯುತ್ತಿತ್ತು, ಈ ಮನೆಯ ಭಾಷೆ ಬರೆಯುತ್ತಿರಲಿಲ್ಲ.

ಐಫೋನ್ ಪಕ್ಷದವರು ಇಲ್ಲೊಂದು ಆಕ್ಷೇಪ ಎತ್ತುತ್ತಾರೆ. ಐಓಎಸ್ 8ರಿಂದಲೇ ಹೊರಗಿನವರು ಮಾಡಿದ ಕೀಬೋರ್ಡ್ ಹಾಕಿಕೊಳ್ಳಲು ಅವಕಾಶವಿತ್ತಲ್ಲ ಎಂದು. ಇತ್ತು. ಆದರೆ ಅದನ್ನು ಹುಡುಕಿ, ಇಳಿಸಿಕೊಂಡು, ಸೆಟ್ಟಿಂಗ್ಸ್‌ನ ಒಳಗೊಳಗೆ ಹೋಗಿ ಸೇರಿಸಿ, ಪೂರ್ಣ ಅನುಮತಿ ಕೊಡುವಾಗ ಇಂಗ್ಲಿಷಿನಲ್ಲಿ ಬರುವ ಎಚ್ಚರಿಕೆ ಓದಿ ಒಪ್ಪಬೇಕು. ಕನ್ನಡ ಬರೆಯುವ ಬಾಗಿಲು ತೆರೆಯಲು ಇಂಗ್ಲಿಷಿನ ಬೀಗದಕೈ ಬೇಕು ಎಂದಾದರೆ, ಆ ಬಾಗಿಲು ಅದು ಯಾರಿಗೆ ಬೇಕೋ ಅವರಿಗಲ್ಲದೆ ಉಳಿದವರಿಗೆಲ್ಲ ತೆರೆದಿತ್ತು.

ಮೆನುವಿನ ಕತೆ ಇನ್ನೂ ತಡ. ಐಫೋನಿನ ಮೆನು ಕನ್ನಡಕ್ಕೆ ಬಂದದ್ದು ಐಓಎಸ್ 18.4ರಲ್ಲಿ, 2025ರ ಮಾರ್ಚ್ 31ರಂದು. ಕನ್ನಡದ ಜೊತೆ ಮರಾಠಿ, ತಮಿಳು, ತೆಲುಗು ಸೇರಿ ಹತ್ತು ಭಾಷೆಗಳು ಅಂದು ಸೇರಿದವು. ಆಂಡ್ರಾಯ್ಡ್‌ಗಿಂತ ಹತ್ತು ವರ್ಷಕ್ಕೂ ಹೆಚ್ಚು ತಡ. ಐಫೋನ್ ಜೋಡಣೆ ಬೆಂಗಳೂರಿನ ಪೀಣ್ಯದಲ್ಲಿ ಶುರುವಾದದ್ದು 2017ರಲ್ಲಿ. ಆಮೇಲೆ ಕೋಲಾರದ ನರಸಾಪುರದಲ್ಲೂ ಆಯಿತು. ಕನ್ನಡ ನಾಡಿನ ಕೈಗಳು ಐಫೋನ್ ಜೋಡಿಸತೊಡಗಿ ಸುಮಾರು ಎಂಟು ವರ್ಷವಾದ ಮೇಲೆ ಐಫೋನ್ ಕನ್ನಡದಲ್ಲಿ ತೆರೆದುಕೊಂಡಿತು. ಇದನ್ನು ಕಂಪನಿಯ ಕೊಡುಗೆ ಎಂದು ಕೊಂಡಾಡಿದವರು ಬಾಕಿ ತೀರಿಸಿದ್ದನ್ನು ದಾನ ಎಂದು ತಿಳಿದಿದ್ದಾರೆ.

ಆ ಬಾಕಿಯೂ ಎಲ್ಲರಿಗೆ ತೀರಿಲ್ಲ. ಮಗಳು ತಂದದ್ದು ಐಫೋನ್ 8 ಎಂದಿಟ್ಟುಕೊಂಡರೆ, ಅದು ಐಓಎಸ್ 16ರಲ್ಲೇ ನಿಂತಿದೆ. ಕೀಬೋರ್ಡ್ ಇದೆ, ಕನ್ನಡ ಮೆನು ಇಲ್ಲ, ಇನ್ನು ಬರುವುದೂ ಇಲ್ಲ. ಐಫೋನ್ 5 ಇಟ್ಟುಕೊಂಡವರಿಗೆ ಕನ್ನಡ ಕೀಬೋರ್ಡೂ ಸಿಗಲಿಲ್ಲ. ಐಓಎಸ್ 11 ಆ ಫೋನಿಗೆ ಬರಲೇ ಇಲ್ಲ. ಮನೆಯ ಹಿರಿಯರ ಕೈಗೆ ಐಫೋನ್ ತಲುಪುವುದು ಬಹಳ ಸಲ ಹೀಗೆ, ಮಕ್ಕಳು ಬಳಸಿ ಬಿಟ್ಟ ಮೇಲೆ. ಭಾಷೆಯನ್ನು ಹೊಸ ಆವೃತ್ತಿಗೆ, ಹೊಸ ಆವೃತ್ತಿಯನ್ನು ಹೊಸ ಯಂತ್ರಕ್ಕೆ ಕಟ್ಟಿಹಾಕಿದರೆ ಅದು ತಲುಪುವುದು ಅದರ ಅಗತ್ಯ ಅತಿ ಕಡಿಮೆ ಇರುವವರಿಗೆ. ಆಂಡ್ರಾಯ್ಡ್‌ನಲ್ಲಿ ಜಿಬೋರ್ಡ್ ಎಂಬ ಕೀಬೋರ್ಡು ಪ್ಲೇ ಸ್ಟೋರಿನಿಂದ ಬೇರೆಯಾಗಿಯೇ ಹೊಸದಾಗುತ್ತದೆ, ಫೋನಿನ ಆವೃತ್ತಿಗಾಗಿ ಕಾಯುವುದಿಲ್ಲ. ಈ ಒಂದು ಏರ್ಪಾಡು ಅದರ ನಿಜವಾದ ಹೆಚ್ಚುಗಾರಿಕೆ.

ಹಾಗಾದರೆ ಮಗ ಗೆದ್ದನೇ? ಅಷ್ಟು ಸುಲಭವಿಲ್ಲ. ಅಳಿಯನ ಮಾತಿನಲ್ಲೂ ಸತ್ಯವಿದೆ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಭದ್ರತಾ ಅಪ್‌ಡೇಟ್ ಬಂತು. ಅಗ್ಗದ ಆಂಡ್ರಾಯ್ಡ್ ಫೋನುಗಳು ಎರಡು ಮೂರು ವರ್ಷಕ್ಕೆ ಅನಾಥವಾಗುತ್ತಿದ್ದ ಕಾಲವದು. ಜೊತೆಗೆ, ಬೇಡದ ಆ್ಯಪ್‌ಗಳು, ಪರದೆ ತೆರೆದರೆ ಜಾಹೀರಾತು. ಕನ್ನಡದಲ್ಲಿ ತೆರೆದುಕೊಂಡ ಮಾತ್ರಕ್ಕೆ ಆ ಫೋನು ಅವ್ವನನ್ನು ಮೋಸದ ಲಿಂಕಿನಿಂದ ಕಾಯುವುದಿಲ್ಲ. ಆಂಡ್ರಾಯ್ಡ್ ಎಂದರೆ ಆಯ್ಕೆಯ ಸ್ವಾತಂತ್ರ್ಯ ಎಂಬ ಹೊಗಳಿಕೆಯೂ ಪೊಳ್ಳು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದ್ದು ಆಂಡ್ರಾಯ್ಡ್ ಮೂಲಕ ತನ್ನ ಪ್ರಾಬಲ್ಯವನ್ನು ದುರುಪಯೋಗಪಡಿಸಿಕೊಂಡಿತು ಎಂಬ ಕಾರಣಕ್ಕೆ. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಗೂಗಲ್ ಕನ್ನಡ ಕೊಟ್ಟದ್ದು ಕನ್ನಡದ ಮೇಲಿನ ಪ್ರೀತಿಯಿಂದಲ್ಲ. ಹಳ್ಳಿ ಸಣ್ಣ ಊರುಗಳ ಕೋಟ್ಯಂತರ ಜನ ಅದರ ಮಾರುಕಟ್ಟೆ. ಆ್ಯಪಲ್‌ಗೆ ಅವರು ಬಹುಕಾಲ ಮಾರುಕಟ್ಟೆಯೇ ಆಗಿರಲಿಲ್ಲ.

ಹೀಗಾಗಿ ಅವ್ವನಂಥವರ ಮುಂದಿರುವ ಆಯ್ಕೆ ವಿಚಿತ್ರವಾದದ್ದು. ಕೈಗೆಟುಕುವ ಒಂದು ಫೋನಿನಲ್ಲಿ ಭಾಷೆ ಇದೆ, ಕಾಳಜಿ ಇಲ್ಲ. ಮಗಳು ಕೊಟ್ಟ ಇನ್ನೊಂದರಲ್ಲಿ ಕಾಳಜಿ ಇದೆ, ಭಾಷೆ ಇಲ್ಲ. ಎರಡನ್ನೂ ಒಟ್ಟಿಗೆ ಪಡೆಯಲು ಹೊಸ, ದುಬಾರಿ ಫೋನ್ ಬೇಕು. ಇಂಗ್ಲಿಷ್ ಬಲ್ಲವರು ಯಾರೂ ಈ ತೆರಿಗೆ ಕಟ್ಟುವುದಿಲ್ಲ.

ಟ್ಯಾಬ್ಲೆಟ್, ಇ-ಪುಸ್ತಕಗಳ ಕಡೆ ಹೋದರೂ ಇದೇ ಪಾಡು. ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ತಂದಾಗ ಪಟ್ಟಿಯಲ್ಲಿದ್ದವು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಕನ್ನಡ ಇರಲಿಲ್ಲ. ಸಂಭಾಜಿನಗರದ ಓದುಗನಿಗೆ ಮರಾಠಿ ಕಾದಂಬರಿ ಸಿಕ್ಕಿತು, ಅಲ್ಲೇ ಇರುವ ಕನ್ನಡ ಓದುಗನಿಗೆ ಅಂಗಡಿ ಮುಚ್ಚಿತ್ತು. ಆ ಕೊರತೆ ತುಂಬಲು ಕನ್ನಡದವರೇ ಮೈಲ್ಯಾಂಗ್‌ನಂಥ ಆ್ಯಪ್‌ಗಳನ್ನು ಕಟ್ಟಬೇಕಾಯಿತು.

ಸರ್ಕಾರ ಏನೂ ಮಾಡಿಲ್ಲವೇ? ಮಾಡಿದೆ, ಅರ್ಧ ಮಾಡಿದೆ. 2016ರಲ್ಲಿ ಐಎಸ್ 16333ರ ಮೂರನೇ ಭಾಗ ಎಂಬ ಮಾನಕ ಬಂತು. ಭಾರತದಲ್ಲಿ ಮಾರುವ ಪ್ರತಿ ಮೊಬೈಲು 22 ಭಾಷೆಗಳ ಬರಹವನ್ನೂ ತೋರಿಸಬೇಕು. ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಬರಬೇಕು. 2017ರ ಜುಲೈ 1ರ ಗಡುವು ಆಮೇಲೆ ಮುಂದಕ್ಕೆ ಹೋಯಿತು. ‘ಇನ್ನೊಂದು ಭಾಷೆ’ ಎಂಬ ಆ ಎರಡು ಪದಗಳಲ್ಲೇ ತಪ್ಪಿದೆ. ಆ ಇನ್ನೊಂದು ಯಾವುದು ಎಂದು ಆರಿಸುವುದು ಕಂಪನಿ, ಕೊಳ್ಳುವವರಲ್ಲ. ನಾಸಿಕ್‌ನಲ್ಲಿ ಮಾರುವ ಫೋನಿಗೆ ಮರಾಠಿ ಇದ್ದರೆ ನಿಯಮ ಪಾಲಿಸಿದಂತೆಯೇ. ಭಾಷೆಗೊಂದು ರಾಜ್ಯ, ರಾಜ್ಯಕ್ಕೊಂದು ಭಾಷೆ ಎಂದು ಬಗೆದವರು ಬರೆದ ನಿಯಮವಿದು. ಜನ ಹಾಗೆ ಬದುಕುವುದಿಲ್ಲ. ಉಡುಪಿ ಹೋಟೆಲಿನವರು, ವರ್ಗವಾಗಿ ಬಂದ ನೌಕರರು, ಮದುವೆಯಾಗಿ ಬಂದವರು ತಮ್ಮ ಭಾಷೆಯನ್ನು ಗಡಿ ದಾಟಿಸಿಯೇ ತಂದಿರುತ್ತಾರೆ. ಬೆಂಗಳೂರಿನಲ್ಲಿರುವ ಮರಾಠಿಗರ ಪಾಡೂ ಇದೇ.

ಇಲ್ಲಿ ಕನ್ನಡಿಗರ ಪಾಲಿನ ತಪ್ಪನ್ನೂ ಹೇಳಬೇಕು. ಕನ್ನಡ ನಾಡು ಗೋದಾವರಿವರೆಗೆ ಹಬ್ಬಿತ್ತು ಎಂದು ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ವನ್ನು ನೆನೆಯದ ರಾಜ್ಯೋತ್ಸವವಿಲ್ಲ. ಆ ಗೋದಾವರಿ ಹುಟ್ಟುವುದು ನಾಸಿಕ್ ಬಳಿಯ ತ್ರ್ಯಂಬಕೇಶ್ವರದಲ್ಲಿ. ರಾಷ್ಟ್ರಕೂಟರ ಒಂದನೇ ಕೃಷ್ಣ ಕೊರೆಯಿಸಿದ ಕೈಲಾಸ ಇರುವುದು ಸಂಭಾಜಿನಗರದ ಹತ್ತಿರದ ಎಲ್ಲೋರದಲ್ಲಿ. ಅಲ್ಲಿ ನಿಂತು ಫೋಟೊ ತೆಗೆದು, ಅದರ ಕೆಳಗೆ ಕನ್ನಡದ ಹೆಮ್ಮೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರು ಲೆಕ್ಕವಿಲ್ಲದಷ್ಟು. ಅವರ ಫೋನಿನಲ್ಲಿ ಕನ್ನಡ ಮೆನು ಇದೆ. ಒಮ್ಮೆ ಹಾಕಿ, ನಗು ಬಂದು, ಮತ್ತೆ ಇಂಗ್ಲಿಷಿಗೆ ಮರಳಿದವರು ಅವರು.

ನಗು ಬರಲು ಕಾರಣವಿಲ್ಲದಿಲ್ಲ. ಮೆನು ಅನುವಾದಿಸುವವರ ಮುಂದೆ ಬರುವುದು ಬಿಡಿ ಬಿಡಿ ಪದಗಳು. ‘ಓಪನ್’ ಎಂದು ಒಂದು ಪದ ಬಂದರೆ ಅದು ‘ತೆರೆ’ಯೋ ‘ತೆರೆದಿದೆ’ಯೋ ತಿಳಿಯುವುದು ಪರದೆ ನೋಡಿದವರಿಗೆ ಮಾತ್ರ. ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ‘ಟು’ ಇಟ್ಟರೆ ಮುಗಿಯಿತು. ಕನ್ನಡದಲ್ಲಿ ವಿಭಕ್ತಿ ಹೆಸರಿಗೇ ಅಂಟುತ್ತದೆ: ಮೈಸೂರಿಗೆ, ಧಾರವಾಡಕ್ಕೆ, ನಾಸಿಕ್‌ಗೆ. ಖಾಲಿ ಜಾಗದಲ್ಲಿ ಯಾವ ಹೆಸರು ಬಂದು ಕೂರುತ್ತದೋ ಗೊತ್ತಿಲ್ಲದ ತಂತ್ರಾಂಶ ಒಂದೇ ಪ್ರತ್ಯಯವನ್ನು ಎಲ್ಲಕ್ಕೂ ಅಂಟಿಸುತ್ತದೆ, ವಾಕ್ಯ ಕುಂಟುತ್ತದೆ. ಎರಡೂ ಕಂಪನಿಗಳ ಕನ್ನಡಕ್ಕೆ ಈ ಕಾಯಿಲೆ ತಟ್ಟಬಲ್ಲದು. ಇದಕ್ಕೆ ಮದ್ದು ಬಳಸುವವರ ದೂರು. ಕನ್ನಡ ಮೆನು ಹಾಕಿಕೊಂಡ ಓದುಬಲ್ಲವರೇ ಇಲ್ಲದಿದ್ದರೆ ದೂರು ಕೊಡುವವರು ಯಾರು? ಅವ್ವ ಕೊಡುವುದಿಲ್ಲ. ತನಗೇ ತಿಳಿಯುತ್ತಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

ಜನ ಭಾಷೆಗಾಗಿ ದುಡ್ಡು ಕೊಡುವುದಿಲ್ಲ ಎಂಬ ಕೊನೆಯ ಆಕ್ಷೇಪ ಉಳಿದಿದೆ. ಅದಕ್ಕೆ ಬೆಂಗಳೂರಿನ ಸಿಂಪ್ಯೂಟರ್ ಅನ್ನು ಸಾಕ್ಷಿ ಕರೆಯುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿ ಸೇರಿ ರೂಪಿಸಿದ ಆ ಕೈಗಣಕ ಭಾರತೀಯ ಭಾಷೆಗಳಿಂದಲೇ, ಅಕ್ಷರ ಬಾರದವರಿಗೆ ಓದಿಹೇಳುವ ಆಸೆಯಿಂದಲೇ ಹುಟ್ಟಿತು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ 9,950 ರೂಪಾಯಿಯಿಂದ ಮಾರಾಟಕ್ಕೆ ಬಂದು, ಕೆಲವೇ ಸಾವಿರ ಮಾರಿ ನಿಂತಿತು. ನಿಜ. ಆದರೆ ಅದು ತೋರಿಸುವುದು ಭಾಷೆ ಬೇಡ ಎಂದಲ್ಲ. ಭಾಷೆಯ ಹೊರೆಯನ್ನು ಬಡವರ ಜೇಬಿನ ಮೇಲೆ ಹೊರಿಸಲಾಗದು ಎಂದು. ಕುಡಿಯುವ ನೀರಿನ ಹಾಗೆ ಅದು ಎಲ್ಲ ಫೋನಿನಲ್ಲೂ ಮೊದಲೇ ಇರಬೇಕಾದದ್ದು.

ಕೇಳಬೇಕಾದದ್ದು ಇಷ್ಟೇ. ಮಾನಕದಿಂದ ‘ಇನ್ನೊಂದು ಭಾಷೆ’ ಹೋಗಲಿ. ಎಲ್ಲಿ ಮಾರಿದರೂ 22 ಭಾಷೆಗಳಲ್ಲೂ ಬರೆಯಲು ಬರಲಿ, ಮೆನುವೂ ಇರಲಿ. ಭಾಷೆ ಹೊಸ ಆವೃತ್ತಿಗೆ ಕಾಯದೆ ಹಳೆ ಫೋನಿಗೂ ಬೇರೆಯಾಗಿ ಬರಲಿ.

ಮೂರನೆಯದಕ್ಕೆ ಕಾನೂನು ಬೇಡ. ಹೊಸ ಫೋನ್ ಯಾವುದೇ ಇರಲಿ, ತೆರೆದ ಕೂಡಲೇ ಕೇಳುವುದು ಯಾವ ಭಾಷೆ ಎಂದು. ಆ ಪ್ರಶ್ನೆಗೆ ಉತ್ತರ ಕೊಡುವುದು ಬಹಳ ಸಲ ಅಂಗಡಿಯ ಹುಡುಗ, ಇಲ್ಲವೇ ಮಗ, ಅಳಿಯ. ಕೈ ತಾನಾಗಿ ಇಂಗ್ಲಿಷಿನ ಮೇಲೆ ಹೋಗುತ್ತದೆ. ಮುಂದಿನ ಸಲ ಆ ಪರದೆ ಬಂದಾಗ ಫೋನನ್ನು ಅವ್ವನ ಕೈಗೆ ಕೊಟ್ಟು, ಪಟ್ಟಿಯ ಕೆಳಗಿರುವ ‘ಕನ್ನಡ’ವನ್ನು ಅವರೇ ಹುಡುಕುವವರೆಗೆ ಕಾಯಲಿ. ಅಲ್ಲಿ ಆ ಪದ ಸಿಗದಿದ್ದರೆ, ಯಾವ ಫೋನ್ ಒಳ್ಳೆಯದು ಎಂಬ ವಾದ ಆ ಮನೆಯ ಮಟ್ಟಿಗೆ ಅಲ್ಲಿಗೇ ಮುಗಿಯಿತು.