ಯಾವ ವೈಭವ ಮರಳಬೇಕು?

ಗತವೈಭವದ ಸ್ಮರಣೆ ಮನುಷ್ಯಸ್ವಭಾವಕ್ಕೆ ಸಹಜವಾದುದು. ಒಂದು ಕುಟುಂಬಕ್ಕಾಗಲಿ, ಒಂದು ಊರಿಗಾಗಲಿ, ಒಂದು ವಿದ್ಯಾಸಂಸ್ಥೆಗಾಗಲಿ ತನ್ನ ಒಳ್ಳೆಯ ದಿನಗಳನ್ನು ನೆನೆಯುವುದರಲ್ಲಿ ಸುಖವಿದೆ. ಆದರೆ ನೆನಪು ಎಲ್ಲವನ್ನೂ ಸಮನಾಗಿ ಉಳಿಸಿಕೊಳ್ಳುವುದಿಲ್ಲ. ಅದು ಗೆಲುವನ್ನು ಜೋಪಾನ ಮಾಡಿ, ಗೆಲುವಿಗೆ ತೆತ್ತ ಬೆಲೆಯನ್ನು ಮರೆಯುತ್ತದೆ. ‘ಹಳೆಯ ದಿನಗಳು ಮರಳಲಿ’ ಎಂದು ಹಾರೈಸುವ ಮೊದಲು, ಹಳೆಯ ದಿನಗಳಲ್ಲಿ ಯಾವ ದಿನಗಳು ಮರಳಬೇಕೆಂದು ಕೇಳಿಕೊಳ್ಳುವುದು ಉಚಿತ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಕಥೆ ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆ.

ಕಾಲೇಜು ಬಾಸ್ಕೆಟ್‌ಬಾಲ್‌ಗೆ ಅಮೆರಿಕದಲ್ಲಿರುವ ಸ್ಥಾನವನ್ನು ನಮ್ಮ ದೇಶದ ಯಾವುದೇ ಕಾಲೇಜು ಕ್ರೀಡೆಗೂ ಹೋಲಿಸಲಾಗದು. ಪ್ರತಿ ಮಾರ್ಚ್ ತಿಂಗಳಲ್ಲಿ ನಡೆಯುವ ರಾಷ್ಟ್ರೀಯ ಪಂದ್ಯಾವಳಿಯನ್ನು ಕೋಟ್ಯಂತರ ಜನ ದೂರದರ್ಶನದಲ್ಲಿ ವೀಕ್ಷಿಸುತ್ತಾರೆ. ಈ ಕ್ರೀಡೆಯಲ್ಲಿ ಕಥೋಲಿಕ ವಿದ್ಯಾಸಂಸ್ಥೆಗಳ ಪಾಲು ಅವುಗಳ ಗಾತ್ರವನ್ನು ಮೀರಿದುದು. 1985ರಲ್ಲಿ ಕೊನೆಯ ನಾಲ್ಕು ತಂಡಗಳ ಪೈಕಿ ಮೂರು, ಅಂದರೆ ಜಾರ್ಜ್‌ಟೌನ್, ಸೇಂಟ್ ಜಾನ್ಸ್ ಮತ್ತು ವಿಲನೋವಾ, ಕಥೋಲಿಕ ಸಂಸ್ಥೆಗಳದ್ದಾಗಿದ್ದವು. ದೊಡ್ಡ ಮೈದಾನಗಳೂ ಬೃಹತ್ ತಂಡಗಳೂ ಬೇಕಾದ ಅಮೆರಿಕನ್ ಫುಟ್‌ಬಾಲ್ ಇವುಗಳಲ್ಲಿ ಅನೇಕ ಸಂಸ್ಥೆಗಳಿಗೆ ಭಾರವಾಯಿತು. ಐವರು ಆಟಗಾರರು, ಒಂದು ಅಂಕಣ, ನಗರದ ಬೀದಿಗಳಲ್ಲಿ ಆಡಿ ಬೆಳೆದ ಹುಡುಗರು ಇಷ್ಟಿದ್ದರೆ ನಡೆಯುವ ಬಾಸ್ಕೆಟ್‌ಬಾಲ್ ಅವುಗಳ ಕೈಗೆಟುಕಿತು.

ಮನೆಯಿಲ್ಲದ ತಂಡದ ಮಹಾವಿಜಯ

ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಮೂಲ 1855ರಷ್ಟು ಹಿಂದಿನದು. ಇಟಲಿಯಿಂದ ಬಂದ ಯೇಸುಸಭೆಯ ಗುರು ಫಾದರ್ ಅಂತೋಣಿ ಮರಾಸ್ಕಿಯವರು ಅದನ್ನು ಸಂತ ಇಗ್ನೇಷಿಯಸರ ಹೆಸರಿನ ಪುಟ್ಟ ಶಾಲೆಯಾಗಿ ಆರಂಭಿಸಿದರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದವರೂ ಇಟಲಿಯ ಯೇಸುಸಭೆಯ ಗುರುಗಳೇ. ಆದ್ದರಿಂದ ಈ ದೂರದ ಸಂಸ್ಥೆ ನಮ್ಮ ಓದುಗರಲ್ಲಿ ಅನೇಕರಿಗೆ ಒಂದು ಬಗೆಯಲ್ಲಿ ದೂರದ ನೆಂಟನೇ ಸರಿ.

ಐವತ್ತರ ದಶಕದ ಆರಂಭದಲ್ಲಿ ಈ ತಂಡಕ್ಕೆ ಸ್ವಂತ ಕ್ರೀಡಾಂಗಣವಿರಲಿಲ್ಲ. ಸಂತ ಇಗ್ನೇಷಿಯಸ್ ಪ್ರೌಢಶಾಲೆಯ ಅಂಕಣದಲ್ಲಿ ಅಭ್ಯಾಸ ಮಾಡಿ, ಪಂದ್ಯಗಳನ್ನು ಬೇರೆಯವರ ಅಂಕಣಗಳಲ್ಲಿ ಆಡಬೇಕಾಗಿತ್ತು. ಅಂಥ ತಂಡಕ್ಕೆ ಬಿಲ್ ರಸೆಲ್ ಎಂಬ ತರುಣ ಸೇರಿದನು. ಲೂಸಿಯಾನಾದ ಮನ್ರೋ ಎಂಬಲ್ಲಿ ಹುಟ್ಟಿ, ಓಕ್‌ಲ್ಯಾಂಡಿನಲ್ಲಿ ಬೆಳೆದ ಆತನಿಗೆ ವಿದ್ಯಾರ್ಥಿವೇತನ ನೀಡಲು ಮುಂದೆ ಬಂದುದು ಇದೊಂದೇ ವಿಶ್ವವಿದ್ಯಾಲಯ. ಆತನ ಜೊತೆಗಾರ ಕೆ. ಸಿ. ಜೋನ್ಸ್, ತರಬೇತುದಾರರು ಫಿಲ್ ವೂಲ್‌ಪರ್ಟ್.

1955ರ ಅಂತಿಮ ಪಂದ್ಯದಲ್ಲಿ ಈ ತಂಡ ಹಿಂದಿನ ವರ್ಷದ ವಿಜೇತರಾದ ಲಸಾಲ್ ತಂಡವನ್ನು, ಅದೂ ಕಥೋಲಿಕ ಸಂಸ್ಥೆಯೇ, 77-63 ಅಂಕಗಳಿಂದ ಸೋಲಿಸಿತು. 1956ರಲ್ಲಿ ಆಡಿದ 29 ಪಂದ್ಯಗಳನ್ನೂ ಗೆದ್ದು, ಅಂತಿಮ ಪಂದ್ಯದಲ್ಲಿ ಅಯೋವಾ ತಂಡವನ್ನು 83-71ರಿಂದ ಮಣಿಸಿತು. ಒಂದೂ ಸೋಲಿಲ್ಲದೆ ರಾಷ್ಟ್ರೀಯ ಪಂದ್ಯಾವಳಿಯನ್ನು ಗೆದ್ದ ಮೊದಲ ತಂಡ ಇದು. ಸತತ 60 ಗೆಲುವುಗಳ ಇದರ ದಾಖಲೆ 1973ರವರೆಗೆ ಅಚ್ಚಳಿಯದೆ ನಿಂತಿತು. ಬುಟ್ಟಿಯ ಬಳಿ ರಸೆಲ್‌ನ ಪ್ರಾಬಲ್ಯ ಎಷ್ಟಿತ್ತೆಂದರೆ, ಅಲ್ಲಿಯ ನಿಷಿದ್ಧ ಪಟ್ಟಿಯ ಅಗಲವನ್ನು ನಿಯಮ ರಚಿಸುವವರು 6 ಅಡಿಯಿಂದ 12 ಅಡಿಗೆ ಹೆಚ್ಚಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಸೆಲ್ ಮತ್ತು ಜೋನ್ಸ್ ಇಬ್ಬರೂ ಚಿನ್ನದ ಪದಕ ಗಳಿಸಿದರು.

ಆದರೆ ಅಂಕಗಳಿಗಿಂತ ಮಿಗಿಲಾದುದು ಬೇರೊಂದಿದೆ. ಕಪ್ಪು ವರ್ಣೀಯರಾದ ಮೂವರನ್ನು ಮೊದಲ ಐವರಲ್ಲಿ ಆಡಿಸುವುದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ವೂಲ್‌ಪರ್ಟ್ ರಸೆಲ್, ಜೋನ್ಸ್ ಮತ್ತು ಹ್ಯಾಲ್ ಪೆರಿ ಮೂವರನ್ನೂ ಕಣಕ್ಕಿಳಿಸಿದರು. 1954ರ ಡಿಸೆಂಬರಿನಲ್ಲಿ ಓಕ್ಲಹೋಮ ನಗರದ ಪಂದ್ಯಾವಳಿಗೆ ಹೋದಾಗ, ಅಲ್ಲಿಯ ಹೋಟೆಲುಗಳು ಕಪ್ಪು ಆಟಗಾರರಿಗೆ ಕೋಣೆ ಕೊಡಲು ನಿರಾಕರಿಸಿದವು. ಆಗ ಇಡೀ ತಂಡವೇ ರಜೆಯಿಂದಾಗಿ ತೆರವಾಗಿದ್ದ ಕಾಲೇಜು ವಿದ್ಯಾರ್ಥಿನಿಲಯವೊಂದರಲ್ಲಿ ಒಟ್ಟಿಗೆ ತಂಗಿತು. ಇದಕ್ಕೂ ಮೊದಲು, 1951ರಲ್ಲಿ, ಒಂದೂ ಪಂದ್ಯ ಸೋಲದಿದ್ದ ಇದೇ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ತನ್ನ ಇಬ್ಬರು ಕಪ್ಪು ಸಂಗಾತಿಗಳನ್ನು ಬಿಟ್ಟು ಆಡಲು ಒಪ್ಪದೆ ಋತುವಿನ ಕೊನೆಯ ಗೌರವದ ಪಂದ್ಯವನ್ನೇ ತ್ಯಜಿಸಿತ್ತು. ಈ ಸಂಸ್ಥೆಯ ಸುವರ್ಣಯುಗದ ನಿಜವಾದ ಚಿನ್ನ ಇರುವುದು ಇಲ್ಲಿ ಎಂಬುದು ನಮ್ಮ ಅಭಿಪ್ರಾಯ.

ವೈಭವದ ಒಳಗಿನ ಗೆದ್ದಲು

ಎರಡನೆಯ ವೈಭವ ಎಪ್ಪತ್ತರ ದಶಕದಲ್ಲಿ ಬಂದಿತು. 1976-77ರಲ್ಲಿ ಬಿಲ್ ಕಾರ್ಟ್‌ರೈಟ್ ಎಂಬ ಎತ್ತರದ ಆಟಗಾರನಿದ್ದ ತಂಡ ಮೊದಲ ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಗೆದ್ದು, ದೇಶದಲ್ಲೇ ಪ್ರಥಮ ಸ್ಥಾನಕ್ಕೇರಿತು. ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ರಸೆಲ್‌ನ ಕಾಲವೇ ಮರಳಿದಂತೆ ತೋರಿತು. ಆದರೆ ಮರಳಿದುದು ಗೆಲುವು ಮಾತ್ರ. ಆ ವರ್ಷಗಳ ಹಿಂದೆಯೇ ನಿಯಮಭಂಗದ ದೂರುಗಳು ಬಂದವು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಘ, ಅರ್ಥಾತ್ ಎನ್‌ಸಿಎಎ, ಎರಡು ಬಾರಿ ಶಿಸ್ತುಕ್ರಮ ಕೈಗೊಂಡಿತು.

1982ರಲ್ಲಿ ಕೊಡ ತುಂಬಿತು. ತಂಡದ ಅಗ್ರಗಣ್ಯ ಆಟಗಾರನೊಬ್ಬ ಅದೇ ವಿಶ್ವವಿದ್ಯಾಲಯದ ದಾದಿ ವಿದ್ಯಾರ್ಥಿನಿಯ ಮೇಲೆ ನಡೆಸಿದ ಹಲ್ಲೆಯ ಬಗ್ಗೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು. ಆ ವಿಚಾರಣೆಯ ಸಂದರ್ಭದಲ್ಲಿಯೇ ಇನ್ನೊಂದು ಸತ್ಯ ಹೊರಬಿತ್ತು: ಮಾಡದ ಕೆಲಸಕ್ಕಾಗಿ ದಾನಿಯೊಬ್ಬರಿಂದ ಆತನಿಗೆ ತಿಂಗಳಿಗೆ 1,000 ಡಾಲರ್ ಸಂದಾಯವಾಗುತ್ತಿತ್ತು.

ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಯೇಸುಸಭೆಯ ಗುರು ಫಾದರ್ ಜಾನ್ ಲೋ ಸ್ಕಿಯಾವೊ ಅವರು 1982ರ ಜುಲೈ 29ರಂದು ಬಾಸ್ಕೆಟ್‌ಬಾಲ್ ತಂಡವನ್ನೇ ರದ್ದುಪಡಿಸಿರುವುದಾಗಿ ಪ್ರಕಟಿಸಿದರು. ಯಾವ ಸಂಘವೂ ಈ ಶಿಕ್ಷೆಯನ್ನು ವಿಧಿಸಿರಲಿಲ್ಲ. ಸಂಸ್ಥೆ ತಾನಾಗಿ ಕೈಗೊಂಡ ನಿರ್ಧಾರವಿದು. ಎರಡು ಬಾರಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿದ ತಂಡವನ್ನು ಹೀಗೆ ಮುಚ್ಚುವುದು ಅಮೆರಿಕದ ಕ್ರೀಡಾಲೋಕ ಕಂಡರಿಯದ ಹೆಜ್ಜೆ. ಆದರೆ ಫಾದರ್ ಅವರು ಕ್ರೀಡಾದ್ವೇಷಿಯಾಗಿರಲಿಲ್ಲ ಎಂಬುದಕ್ಕೆ ಮುಂದಿನ ಘಟನೆಯೇ ಸಾಕ್ಷಿ. ಮೂರು ವರ್ಷಗಳ ಬಳಿಕ, 1985ರಲ್ಲಿ, ಅವರ ಅಧ್ಯಕ್ಷತೆಯಲ್ಲಿಯೇ, ಹಳೆಯ ವಿದ್ಯಾರ್ಥಿ ಜಿಮ್ ಬ್ರೊವೆಲ್ಲಿ ಅವರ ತರಬೇತಿಯಲ್ಲಿ ತಂಡ ಮತ್ತೆ ಕಣಕ್ಕಿಳಿಯಿತು.

ಪುನರುತ್ಥಾನದ ಆಸೆ

ಮರಳಿದ ತಂಡಕ್ಕೆ ಹಾದಿ ದುರ್ಗಮವಾಗಿತ್ತು. ರಾಷ್ಟ್ರೀಯ ಪಂದ್ಯಾವಳಿಗೆ ಪ್ರವೇಶ ದೊರಕಿದುದು 1998ರಲ್ಲಿ. ಮೊದಲ ಸುತ್ತಿನಲ್ಲೇ ಸೋಲು. ಮತ್ತೊಮ್ಮೆ ಆ ಭಾಗ್ಯ ಒದಗಲು 24 ವರ್ಷ ಕಾಯಬೇಕಾಯಿತು. 2022ರ ಮಾರ್ಚಿನಲ್ಲಿ ಮರ್ರೇ ಸ್ಟೇಟ್ ತಂಡದೆದುರು ಹೆಚ್ಚುವರಿ ಅವಧಿಯವರೆಗೂ ಹೋರಾಡಿ 92-87ರಿಂದ ಸೋತಿತು. ಆ ಋತು ಮುಗಿಯುತ್ತಲೇ ತರಬೇತುದಾರ ಟಾಡ್ ಗೋಲ್ಡನ್ ಅವರನ್ನು ಫ್ಲೋರಿಡಾ ವಿಶ್ವವಿದ್ಯಾಲಯ ಕರೆದುಕೊಂಡಿತು. 2025ರಲ್ಲಿ ಅವರು ಅಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೇ ಗೆದ್ದುಕೊಟ್ಟರು. ಸಸಿ ನೆಟ್ಟವರು ಒಬ್ಬರು, ಫಲ ಉಂಡವರು ಇನ್ನೊಬ್ಬರು. ಅದೇ 2022ರ ಜುಲೈ 31ರಂದು ಬಿಲ್ ರಸೆಲ್ ತೀರಿಕೊಂಡರು, ಕೆ. ಸಿ. ಜೋನ್ಸ್ 2020ರ ಕ್ರಿಸ್ಮಸ್ ದಿನದಂದೇ ಅಗಲಿದ್ದರು. ಆ ಯುಗವನ್ನು ಕಟ್ಟಿದವರೇ ಇಲ್ಲವಾದಾಗ ಸ್ಮರಣೆಯ ಹಂಬಲ ಇನ್ನಷ್ಟು ತೀವ್ರವಾಗುವುದು ಸ್ವಾಭಾವಿಕ.

ಆಸೆಗೆ ಆಧಾರವಿಲ್ಲದೆ ಇಲ್ಲ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿರುವ ಗೊಂಝಾಗ, ನಮ್ಮ ಸಂತ ಅಲೋಶಿಯಸ್ ಗೊನ್ಝಾಗರ ಹೆಸರಿನದೇ ಆದ ಯೇಸುಸಭೆಯ ವಿಶ್ವವಿದ್ಯಾಲಯ, 1999ರಿಂದ 2025ರವರೆಗೆ ರಾಷ್ಟ್ರೀಯ ಪಂದ್ಯಾವಳಿ ನಡೆದ ಪ್ರತಿ ವರ್ಷವೂ ಅದರಲ್ಲಿ ಆಡಿತು. 2017 ಮತ್ತು 2021ರಲ್ಲಿ ಅಂತಿಮ ಪಂದ್ಯವನ್ನೂ ತಲುಪಿತು. ಶಿಕಾಗೋದ ಲೊಯೋಲಾ 1963ರ ಪ್ರಶಸ್ತಿಯ ಬಳಿಕ ಬಹುಕಾಲ ಮರೆಯಾಗಿದ್ದು, 2018ರಲ್ಲಿ ಕೊನೆಯ ನಾಲ್ವರಲ್ಲಿ ಒಂದಾಯಿತು. ಜೆರ್ಸಿ ನಗರದ ಪುಟ್ಟ ಸೇಂಟ್ ಪೀಟರ್ಸ್ 2022ರಲ್ಲಿ ಕೊನೆಯ ಎಂಟರವರೆಗೆ ಸಾಗಿ ದೇಶವನ್ನೇ ಬೆರಗುಗೊಳಿಸಿತು. ನ್ಯೂಯಾರ್ಕಿನ ಸೇಂಟ್ ಜಾನ್ಸ್ ರಿಕ್ ಪಿಟಿನೊ ಅವರ ತರಬೇತಿಯಲ್ಲಿ 2025ರಲ್ಲಿ ತನ್ನ ಬಿಗ್ ಈಸ್ಟ್ ಕೂಟದ ಪ್ರಶಸ್ತಿಯನ್ನು ಮರಳಿ ಗಳಿಸಿತು. ಹೀಗಿರುವಾಗ ಸ್ಯಾನ್ ಫ್ರಾನ್ಸಿಸ್ಕೊದ ಅಭಿಮಾನಿಗಳು ‘ನಮಗೇಕಾಗದು?’ ಎಂದು ಕೇಳುವುದರಲ್ಲಿ ಅನ್ಯಾಯವಿಲ್ಲ.

ಆದರೆ ಕಾಲ ಬದಲಾಗಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗಾಗಿ ಹೊರಗಿನವರಿಂದ ಹಣ ಪಡೆಯಲು ಅನುಮತಿ ದೊರೆಯಿತು. 2025ರ ಜೂನಿನಲ್ಲಿ ನ್ಯಾಯಾಲಯ ಅಂಗೀಕರಿಸಿದ ಒಪ್ಪಂದದಂತೆ, ವಿಶ್ವವಿದ್ಯಾಲಯಗಳೇ ತಮ್ಮ ಕ್ರೀಡಾಪಟುಗಳಿಗೆ ನೇರವಾಗಿ ಹಣ ಹಂಚಬಹುದು; 2025-26ರ ಸಾಲಿಗೆ ಅದರ ಮಿತಿ ಸಂಸ್ಥೆಯೊಂದಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಆಟಗಾರರು ವರ್ಷವರ್ಷವೂ ಸಂಸ್ಥೆ ಬದಲಾಯಿಸುವುದು ಸುಲಭವಾಗಿದೆ. ಸಣ್ಣ ಸಂಸ್ಥೆಯೊಂದು ಗುರುತಿಸಿ ಬೆಳೆಸಿದ ತರುಣನನ್ನು ದೊಡ್ಡ ಸಂಸ್ಥೆಯೊಂದು ಮರುವರ್ಷವೇ ಸೆಳೆದುಕೊಳ್ಳಬಲ್ಲದು. ಬೇರೆ ಯಾರಿಗೂ ಬೇಡವಾದ ಬಿಲ್ ರಸೆಲ್ ಇಂದು ಸಿಕ್ಕಿದರೂ, ಆತನು ಕೊನೆಯವರೆಗೂ ಅಲ್ಲೇ ಉಳಿಯುವನೆಂದು ಹೇಳುವಂತಿಲ್ಲ.

ಹಣ ಮತ್ತು ಸುಳ್ಳು

ಇಲ್ಲಿ ಒಂದು ವಾದ ಹುಟ್ಟುವುದು ಸಹಜ: 1982ರಲ್ಲಿ ಹಗರಣವೆನಿಸಿದ ತಿಂಗಳ ಸಾವಿರ ಡಾಲರ್ ಇಂದು ಕಾನೂನುಬದ್ಧವೇ ಆಗಿರುವಾಗ, ಫಾದರ್ ಲೋ ಸ್ಕಿಯಾವೊ ಅವರ ಕಠೋರ ಕ್ರಮ ವ್ಯರ್ಥವಾಗಲಿಲ್ಲವೇ? ಈ ವಾದದಲ್ಲಿ ಅರ್ಧ ಸತ್ಯವಿದೆ. ಬಡ ಮನೆಯ ಹುಡುಗನೊಬ್ಬ ಬೆವರು ಸುರಿಸಿ ಆಡುವಾಗ, ಅವನ ಆಟದಿಂದ ಸಂಸ್ಥೆಗಳೂ ದೂರದರ್ಶನ ಕಂಪೆನಿಗಳೂ ಲಾಭ ಗಳಿಸಿ, ಅವನು ಮಾತ್ರ ಬರಿಗೈಯಲ್ಲಿರಬೇಕೆಂಬುದು ನ್ಯಾಯವಲ್ಲ. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ಧರ್ಮಸಭೆಯ ಸಾಮಾಜಿಕ ಬೋಧನೆಯ ಮೂಲತತ್ತ್ವಗಳಲ್ಲೊಂದು. ಆ ದೃಷ್ಟಿಯಿಂದ ಹೊಸ ವ್ಯವಸ್ಥೆ ಹಳೆಯದಕ್ಕಿಂತ ಪ್ರಾಮಾಣಿಕವಾದುದು.

ಆದರೆ 1982ರಲ್ಲಿ ತಂಡವನ್ನು ಮುಳುಗಿಸಿದುದು ಕೇವಲ ಹಣವಲ್ಲ, ಸುಳ್ಳು. ಮಾಡದ ಕೆಲಸಕ್ಕೆ ಸಂಬಳ, ಎರಡು ಶಿಕ್ಷೆಗಳಾದ ಮೇಲೂ ನಿಲ್ಲದ ನಿಯಮಭಂಗ, ಗೆಲ್ಲಿಸುವವನಿಗೊಂದು ನ್ಯಾಯ ಉಳಿದವರಿಗೊಂದು ನ್ಯಾಯ ಎಂಬ ಭಾವನೆ, ಇವು ಒಂದು ವಿದ್ಯಾಸಂಸ್ಥೆಯ ಬುಡವನ್ನೇ ಕೊರೆಯುವಂಥವು. ಗತವೈಭವದ ಮಾತು ಬಂದಾಗ ಅರವತ್ತು ಗೆಲುವುಗಳ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಆ ದಾದಿ ವಿದ್ಯಾರ್ಥಿನಿಯನ್ನು ನೆನೆಯುವವರು ವಿರಳ. ಆಕೆಯೂ ಅದೇ ವಿಶ್ವವಿದ್ಯಾಲಯದ ಮಗಳು. ಆಕೆಯ ಸುರಕ್ಷತೆಯೂ ಗೌರವವೂ ತಂಡದ ಕೀರ್ತಿಗಿಂತ ಕಡಿಮೆ ತೂಗುವುದಾದರೆ, ಅಂಥ ಕೀರ್ತಿ ಮರಳದಿರುವುದೇ ಲೇಸು. ಹಣಕ್ಕೆ ಕಾನೂನಿನ ಮುದ್ರೆ ಬಿದ್ದ ಮಾತ್ರಕ್ಕೆ ಈ ತೂಕ ಬದಲಾಗುವುದಿಲ್ಲ.

ಹಾಗಾದರೆ ಆಸೆಯನ್ನೇ ಬಿಡಬೇಕೆ? ಹಾಗೆ ನಾವು ಹೇಳುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಈ ತಂಡ ದೊಡ್ಡ ಸಂಸ್ಥೆಗಳ ಸಂಪತ್ತಿಲ್ಲದೆಯೂ ಮರ್ಯಾದೆಯಿಂದ ಆಡಿದೆ. 2021-22ರಿಂದ 2024-25ರವರೆಗಿನ ನಾಲ್ಕು ಋತುಗಳಲ್ಲೂ ಇಪ್ಪತ್ತು ಗೆಲುವುಗಳ ಗಡಿಯನ್ನು ಮುಟ್ಟಿದೆ. ಸಮಕೂಟದ ಬಲಾಢ್ಯ ಗೊಂಝಾಗ 2026ರಿಂದ ಬೇರೆ ಕೂಟಕ್ಕೆ ಸೇರುವುದಾಗಿ 2024ರಲ್ಲಿ ಪ್ರಕಟಿಸಿದುದರಿಂದ, ಪ್ರಶಸ್ತಿಯ ಹಾದಿ ಕೊಂಚ ತೆರವಾದರೂ ಪೈಪೋಟಿಯ ಕಳೆ ಕುಂದಬಹುದು. ರಾಷ್ಟ್ರೀಯ ಪ್ರಶಸ್ತಿ ಮರಳುವ ಸಂಭವ ಕಡಿಮೆ ಎಂಬುದನ್ನು ವಿವೇಕಿಗಳು ಒಪ್ಪಲೇಬೇಕು. ಆದರೆ 1954ರಲ್ಲಿ ಓಕ್ಲಹೋಮದಲ್ಲಿ ಮೆರೆದ ಒಗ್ಗಟ್ಟಿಗೆ ಹಣದ ಮಿತಿಯಿಲ್ಲ. ಯಾರಿಗೂ ಬೇಡವಾದ ಪ್ರತಿಭೆಗೆ ಬಾಗಿಲು ತೆರೆಯಲು ಯಾವ ನ್ಯಾಯಾಲಯದ ಒಪ್ಪಂದವೂ ಬೇಕಾಗಿಲ್ಲ.

ನಮ್ಮ ನಾಡಿನ ವಿದ್ಯಾಸಂಸ್ಥೆಗಳಿಗೂ ಇದು ಅನ್ವಯಿಸದ ಮಾತಲ್ಲ. ಶತಮಾನೋತ್ಸವಗಳನ್ನು ಆಚರಿಸುವಾಗ, ರ‍್ಯಾಂಕುಗಳ ಹಾಗೂ ಪಾರಿತೋಷಕಗಳ ಪಟ್ಟಿಯನ್ನು ಓದುವುದರೊಂದಿಗೆ, ಬೇರೆಲ್ಲೂ ಅವಕಾಶ ಸಿಗದ ಎಷ್ಟು ಮಕ್ಕಳಿಗೆ ನಮ್ಮ ಬಾಗಿಲು ತೆರೆದಿತ್ತು, ಅನ್ಯಾಯಕ್ಕೊಳಗಾದವರ ಪರ ನಾವು ಎಷ್ಟು ಬಾರಿ ನಿಂತೆವು ಎಂಬ ಲೆಕ್ಕವನ್ನೂ ಓದುವಂತಾಗಬೇಕು. ಮಕ್ಕಳಿಗೆ ಕಾಲೇಜನ್ನು ಆರಿಸುವ ತಂದೆತಾಯಂದಿರೂ ಗೋಡೆಯ ಮೇಲಿನ ಫಲಕಗಳ ಜೊತೆಗೆ ಈ ಲೆಕ್ಕವನ್ನು ಕೇಳಿದರೆ ಒಳಿತು. ಸ್ಯಾನ್ ಫ್ರಾನ್ಸಿಸ್ಕೊ ತನ್ನ ಇತಿಹಾಸದಲ್ಲಿ ಎರಡು ಬಾರಿ ಗೆಲುವಿಗಿಂತ ಮಿಗಿಲಾದುದನ್ನು ಆರಿಸಿಕೊಂಡಿತು: 1951ರಲ್ಲಿ ಸಂಗಾತಿಗಳಿಗಾಗಿ, 1982ರಲ್ಲಿ ಸತ್ಯಕ್ಕಾಗಿ. ಪ್ರಶಸ್ತಿ ಫಲಕಗಳ ಸಾಲಿನಲ್ಲಿ ಈ ಎರಡಕ್ಕೂ ಜಾಗವಿಲ್ಲ. ಮರಳಬೇಕಾದ ವೈಭವ ಮಾತ್ರ ಇದೇ.