ಪರದೇಶದ ಸಾಕ್ಷಿಗಳು

ಚುನಾವಣೆಗೆ ಪರದೇಶೀಯರು ಸಾಕ್ಷಿಗಳಾಗಿ ನಿಂತೊಡನೆ ಸಂಶಯವೆಲ್ಲ ತೀರಿತೆಂದು ಭಾವಿಸುವ ವಾಚಕರಿಗೆ 1948ರ ಕೊರಿಯಾದ ವೃತ್ತಾಂತವನ್ನು ಅರಿಕೆಮಾಡುತ್ತೇವೆ. ವಿಶ್ವಸಂಸ್ಥೆಯ ತಾತ್ಕಾಲಿಕ ಆಯೋಗವು ಜನವರಿಯಲ್ಲಿ ಸಿಯೋಲ್ ನಗರಕ್ಕೆ ಬಂದಾಗ ಅದರ ಅಧ್ಯಕ್ಷರಾದವರು ನಮ್ಮ ದೇಶದ ಶ್ರೀ ಕೆ. ಪಿ. ಎಸ್. ಮೆನನ್ನರು. ಉತ್ತರ ಭಾಗದಲ್ಲಿ ಆಯೋಗವು ಕಾಲಿಡಲು ರಷ್ಯನ್ನರು ಅವಕಾಶಕೊಡಲಿಲ್ಲ. ಮೇ 10ರಂದು ದಕ್ಷಿಣದಲ್ಲಿ ಮಾತ್ರ ಮತದಾನವಾಯಿತು. ಉತ್ತರದವರಿಗಾಗಿ 100 ಸ್ಥಾನಗಳನ್ನು ತೆರವಾಗಿಟ್ಟರು. ತಮ್ಮನಿಲ್ಲದ ವೇಳೆಯಲ್ಲಿ ಪಂಚಾಯತರು ಪಾಲುಪಟ್ಟಿಗೆ ರುಜುಹಾಕಿದಂತಾಯಿತೆಂದು ನಮಗೆ ತೋರುತ್ತದೆ. ಆದರೂ ಆಯೋಗದ ಒಂದು ಮಾತನ್ನು ಮೆಚ್ಚಲೇಬೇಕು: ತಾನು ಪ್ರವೇಶಿಸಲು ಸಾಧ್ಯವಾದ ಭಾಗಗಳ ಮಟ್ಟಿಗೆ ಮಾತ್ರವೇ ಇದು ಪ್ರಜೆಗಳ ಸ್ವತಂತ್ರ ಇಚ್ಛೆಯೆಂದು ಅದು ವರದಿಯಿತ್ತಿತು. ಹೊಸ ಸರ್ಕಾರವಾದರೋ ಇಡೀ ಕೊರಿಯಾದ ಮೇಲೆ ತನ್ನದೇ ಆಧಿಪತ್ಯವೆಂದು ಸಾರಿತು. ಆ 100 ಸ್ಥಾನಗಳಿಗೆ ಉತ್ತರದಿಂದ ಇಂದಿನವರೆಗೂ ಒಬ್ಬ ಪ್ರತಿನಿಧಿಯೂ ಬಂದಿಲ್ಲ.